ಒಬ್ಬ ಸಿಸ್ಟರ್, ಒಂದು ರಿಜಿಸ್ಟರ್: ಆರೋಗ್ಯ ಸಚಿವರಿಗೆ ಉಡುಪಿಯ ಎಲುಬು ಡಾಕ್ಟರೊಬ್ಬನ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ.

ನಾನು ಉಡುಪಿಯಲ್ಲಿ ಎಲುಬು ಡಾಕ್ಟರ್. ಬೋರ್ಡಿನಲ್ಲಿ ಆರ್ಥೋಪೆಡಿಕ್ ಸರ್ಜನ್ ಅಂತಲೇ ಇದೆ. ಆದರೆ ಆ ಹೆಸರು ಹೇಳಿಕೊಂಡು ನನ್ನನ್ನು ಹುಡುಕಿ ಬಂದವರು ಕಡಿಮೆ. ಸುಮಾರು 38 ವರ್ಷ ಇದೇ ಕೆಲಸ ಮಾಡಿದ್ದೇನೆ. ಈ ವರ್ಷದ ಕೊನೆಗೆ ಕತ್ತರಿ, ಸುತ್ತಿಗೆ ಕೆಳಗಿಡುತ್ತೇನೆ. ಹೌದು, ಸುತ್ತಿಗೆಯೇ. ನಮ್ಮ ಥಿಯೇಟರಿಗೆ ಒಮ್ಮೆ ಬಂದು ನೋಡಿದರೆ ಇದು ಆಪರೇಷನ್ನೋ ಬಡಗಿ ಕೆಲಸವೋ ಅಂತ ಅನುಮಾನ ಬರುತ್ತದೆ. ಡ್ರಿಲ್, ಸ್ಕ್ರೂ, ಗರಗಸ, ಉಳಿ ಎಲ್ಲ ಅಲ್ಲಿದೆ.

ಹೋಗುವ ಮುಂಚೆ ನಿಮ್ಮ ಹತ್ತಿರ ಒಂದು ಬೇಡಿಕೆ. ಹೊಸ ಕಟ್ಟಡ ಕೇಳುತ್ತಿಲ್ಲ, ಯಂತ್ರವನ್ನೂ ಕೇಳುತ್ತಿಲ್ಲ. ಉದ್ಘಾಟನೆಗೆ ನೀವು ಬೆಂಗಳೂರಿನಿಂದ ಬರಬೇಕಾಗಿಯೂ ಇಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯ ಎಲುಬು ವಿಭಾಗಕ್ಕೆ ಒಬ್ಬ ಸಿಸ್ಟರ್ ಮತ್ತು ಒಂದು ರಿಜಿಸ್ಟರ್ ಕೊಡಿ, ಎಲುಬು ಟೊಳ್ಳಾಗಿ ಮುರಿದುಕೊಂಡು ಬಂದವರನ್ನು ಬರೆದಿಟ್ಟು ಮತ್ತೆ ಮುರಿಯದ ಹಾಗೆ ಬೆನ್ನು ಹತ್ತಲು. ಆ ಸಿಸ್ಟರಿಗೆ ಬೇರೆ ಡ್ಯೂಟಿ ಹಾಕಬೇಡಿ. ಮೊದಲು ಉಡುಪಿಯ ಅಜ್ಜರಕಾಡು ಆಸ್ಪತ್ರೆಯಲ್ಲಿ, ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಿ ಶುರು ಮಾಡಿ ನೋಡಿ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದೆ ಹೋಗಬೇಕು. ಪ್ರಾಯ ಆದವರ ಪತ್ರ, ಉದ್ದ ಆದರೆ ಕ್ಷಮಿಸಿ.

ನಾನು ಕೆಲಸ ಶುರು ಮಾಡಿದ ಕಾಲದಲ್ಲಿ ನಮ್ಮ ಕಡೆ ಎಲುಬು ಮುರಿಯಲು ಮುಖ್ಯ ಕಾರಣ ಮರ. ತೆಂಗಿನ ಮರದಿಂದ ಬಿದ್ದವರು, ಅಡಿಕೆ ಮರದಿಂದ ಬಿದ್ದವರು, ಕಳ್ಳು ಇಳಿಸುವ ಮೂರ್ತೆಯವರು. ಬೆನ್ನೆಲುಬು ಮುರಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಗಂಡಸರನ್ನು ಚಾಪೆ ಸಮೇತ ಜೀಪಿನಲ್ಲಿ ಹಾಕಿ ತರುತ್ತಿದ್ದರು. ಮಲ್ಪೆಯಿಂದ ಬೋಟಿನ ಹಗ್ಗಕ್ಕೆ ಕೈ ಸಿಕ್ಕಿದವರು ಬರುತ್ತಿದ್ದರು. ಆಮೇಲೆ ಬೈಕುಗಳ ಕಾಲ ಬಂತು. ಹೆಜಮಾಡಿಯಿಂದ ಶಿರೂರಿನವರೆಗೆ 66ನೇ ನಂಬರಿನ ಹೆದ್ದಾರಿ ಅಗಲ ಆಯಿತು, ನಮಗೆ ರಾತ್ರಿಯ ನಿದ್ದೆ ಕಡಿಮೆ ಆಯಿತು. ಅದನ್ನು ಇಲ್ಲಿ ಬಿಡುತ್ತೇನೆ. ಅದರ ಬಗ್ಗೆ ಪತ್ರ ಬರೆಯುವವರು ತುಂಬ ಜನ ಇದ್ದಾರೆ.

ಈಗ ವಾರ್ಡಿಗೆ ಹೋದರೆ ಹೆಚ್ಚಾಗಿ ಕಾಣುವುದು ಅಜ್ಜಿಯಂದಿರು. ಇವರು ಮರ ಹತ್ತಿದವರಲ್ಲ, ಬೈಕ್ ಬಿಟ್ಟವರಲ್ಲ. ನಿಂತಲ್ಲಿಂದ ಬಿದ್ದವರು. ಬಚ್ಚಲಿನಿಂದ ಹೊರಗೆ ಬರುವಾಗ, ದೇವರಿಗೆ ದೀಪ ಇಟ್ಟು ತಿರುಗುವಾಗ, ನಾಯಿಗೆ ಅನ್ನ ಹಾಕಲು ಜಗಲಿ ಇಳಿಯುವಾಗ. ಮನೆಯವರು ಹೇಳುವುದು ಒಂದೇ ಮಾತು: "ಜೋರು ಬಿದ್ದದ್ದೇನೂ ಅಲ್ಲ ಡಾಕ್ಟ್ರೇ, ಸುಮ್ನೆ ಕೂತ ಹಾಗೆ ಆಯ್ತು."

ಪಿಜಿ ಓದುವಾಗ ನೋಡಿದ ವಾರ್ಡ್ ಇನ್ನೂ ನೆನಪಿದೆ. ಸೊಂಟ ಮುರಿದವರ, ಅಂದರೆ ತೊಡೆ ಎಲುಬಿನ ಮೇಲ್ತುದಿ ಮುರಿದವರ, ಕಾಲಿಗೆ ತೂಕ ಕಟ್ಟಿ, ಮಂಚದ ಕಾಲಡಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ವಾರಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಎಲುಬು ಕೂಡುವ ಮುಂಚೆ ಬೆನ್ನಿನಲ್ಲಿ ಹುಣ್ಣಾಗುತ್ತಿತ್ತು, ಎದೆಯಲ್ಲಿ ಕಫ ಕಟ್ಟುತ್ತಿತ್ತು. ಕೆಲವರು ಎದ್ದು ಹೋದರು. ಅನೇಕರನ್ನು ಎತ್ತಿಕೊಂಡು ಹೋದರು. ಈಗ ಹಾಗಿಲ್ಲ. ಆಪರೇಷನ್ ಮಾಡುವಾಗಲೇ ಎಲುಬು ತೋರಿಸುವ ಸಿ-ಆರ್ಮ್ ಎಕ್ಸ್‌ರೇ ಇದೆ. ಮುರಿದ ಜಾಗ ನೋಡಿ ರಾಡ್ ಹಾಕುತ್ತೇವೆ, ಇಲ್ಲ ತೊಡೆ ಎಲುಬಿನ ಗುಂಡನ್ನೇ ಬದಲಾಯಿಸುತ್ತೇವೆ. ಮರುದಿನ ವಾಕರ್ ಹಿಡಿಸಿ ನಿಲ್ಲಿಸುತ್ತೇವೆ. ನನ್ನ ವೃತ್ತಿಯಲ್ಲಿ ಹೆಮ್ಮೆ ಪಡುವಂಥದ್ದು ಏನಾದರೂ ಇದ್ದರೆ ಇದು.

ನಾಚಿಕೆ ಪಡುವಂಥದ್ದೂ ಇದೆ.

2001ರ ಮಳೆಗಾಲ. ಹೆಬ್ರಿ ಕಡೆಯ ಒಬ್ಬರು ಅಮ್ಮ, ಪ್ರಾಯ 62, ಬೀಡಿ ಕಟ್ಟುವವರು. ಬ್ರಾಂಚಿಗೆ ಬೀಡಿ ಕೊಡಲು ಹೊರಟವರು ಅಂಗಳದ ಪಾಚಿಯಲ್ಲಿ ಜಾರಿ ಕೈ ಊರಿದ್ದರು. ಮಣಿಕಟ್ಟಿನ ಮೇಲೆ ಮುರಿದಿತ್ತು. ಇದಕ್ಕೆ ಕೋಲಿಸ್ ಮುರಿತ ಅನ್ನುತ್ತೇವೆ. ಎಕ್ಸ್‌ರೇ ಇಲ್ಲದ ಕಾಲದಲ್ಲಿ, 1814ರಲ್ಲಿ, ಡಬ್ಲಿನ್ ನಗರದ ಅಬ್ರಹಾಂ ಕೋಲಿಸ್ ಬರೀ ಕೈಯಲ್ಲಿ ಮುಟ್ಟಿ ನೋಡಿ ಇದನ್ನು ಬರೆದಿಟ್ಟರು. ಊಟದ ಫೋರ್ಕ್ ಇದ್ದ ಹಾಗೆ ಕೈ ಬಗ್ಗಿರುತ್ತದೆ ಅಂತ ಪುಸ್ತಕದಲ್ಲಿದೆ. ನಮ್ಮವರಿಗೆ ಹೇಳಲು ಸೌಟು ಸಾಕು. ನಾನು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎಳೆದು ಕೂರಿಸಿ, ಪ್ಲಾಸ್ಟರ್ ಹಾಕಿದೆ. ಆರು ವಾರಕ್ಕೆ ಬಿಚ್ಚಿದೆ. ಸ್ವಲ್ಪ ಗಂಟು ಉಳಿಯಿತು. "ಬೀಡಿ ಕಟ್ಟಲಿಕ್ಕೆ ಆಗ್ತದಲ್ಲ, ಸಾಕು" ಅಂದರು. ಹೊರಟುಹೋದರು.

2007ರಲ್ಲಿ ಒಂದು ಬೆಳಿಗ್ಗೆ ರೌಂಡ್ಸ್‌ನಲ್ಲಿ ಒಬ್ಬರು ಅಜ್ಜಿ. ಎಡಗಾಲು ಗಿಡ್ಡವಾಗಿ ಹೊರಗೆ ತಿರುಗಿತ್ತು. ಎಕ್ಸ್‌ರೇ ನೋಡುವ ಮುಂಚೆಯೇ ಗೊತ್ತಾಗುವ ಕಾಲು ಅದು. ನಾಡಿ ನೋಡಲು ಬಲಗೈ ಹಿಡಿದೆ. ನನ್ನ ಹೆಬ್ಬೆರಳಿಗೆ ಒಂದು ಗಂಟು ಸಿಕ್ಕಿತು. ಮುಖ ಮರೆತಿತ್ತು, ಹೆಸರು ಮರೆತಿತ್ತು. ಆ ಗಂಟು ಮರೆತಿರಲಿಲ್ಲ. ಬಡಗಿಗೆ ತಾನು ಮಾಡಿದ ಬಾಗಿಲು ಗೊತ್ತಾಗುತ್ತದಲ್ಲ, ಹಾಗೆ.

ಅವರು ನಕ್ಕರು. "ನೀವೇ ಕಟ್ಟಿದ ಕೈ ಡಾಕ್ಟ್ರೇ. ಇಷ್ಟು ವರ್ಷ ಬೀಡಿ ಕಟ್ಟಿದ್ದೇನೆ ಇದರಲ್ಲಿ."

ನನ್ನನ್ನು ಹೊಗಳಿದ್ದು ಅದು. ನನಗೆ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು. 62ರ ಹೆಂಗಸು ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಎಲುಬು ಟೊಳ್ಳಾಗಿರಬಹುದು ಅಂತ ಸಂಶಯ ಪಡಬೇಕು. ಹಾಗೆ ಒಮ್ಮೆ ಮುರಿದವರಿಗೆ ಇನ್ನೊಂದು ಮುರಿಯುವ ಸಾಧ್ಯತೆ ಹತ್ತಿರ ಹತ್ತಿರ ಎರಡು ಪಟ್ಟು. ಇದನ್ನೆಲ್ಲ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ. ಎಲುಬು ಗಟ್ಟಿ ಮಾಡುವ ಮಾತ್ರೆಯೂ ಆಗ ಅಂಗಡಿಯಲ್ಲಿ ಸಿಗುತ್ತಿತ್ತು. ಆದರೆ ಆ ದಿನ ನನಗೆ ಕಂಡದ್ದು ಒಂದು ಕೈ. ಕೈ ಸರಿ ಮಾಡಿದೆ, ಮುಂದಿನವರನ್ನು ಕರೆದೆ. ಆರು ವರ್ಷ ಆ ಎಲುಬು ಒಳಗೊಳಗೇ ಟೊಳ್ಳಾಗುತ್ತ ಹೋಯಿತು.

ಸೊಂಟಕ್ಕೆ ಆಪರೇಷನ್ ಮಾಡಿದೆವು. ಚೆನ್ನಾಗಿಯೇ ಆಯಿತು. ಎಂಟು ತಿಂಗಳಿಗೆ ಅವರ ಮಗ ವಾಕರ್ ಹಿಡಿದುಕೊಂಡು ಬಂದ. ಅಮ್ಮ ಹೋದರಂತೆ, ಎದೆಯ ಸೋಂಕು. "ಯಾರಿಗಾದರೂ ಬೇಕಾದರೆ ಕೊಡಿ" ಅಂತ ವಾಕರನ್ನು ಗೋಡೆಗೆ ಒರಗಿಸಿಟ್ಟು ಹೋದ.

ಸೊಂಟದ ಮುರಿತವನ್ನು ಜನ ಕಾಲಿನ ಸಮಸ್ಯೆ ಅಂತ ತಿಳಿಯುತ್ತಾರೆ. ಬೇರೆ ಬೇರೆ ದೇಶಗಳ ಲೆಕ್ಕ ನೋಡಿದರೆ ಪ್ರಾಯ ಆದವರಲ್ಲಿ ಸೊಂಟ ಮುರಿದ 100 ಜನರಲ್ಲಿ 20ರಿಂದ 30 ಜನ ಒಂದು ವರ್ಷದೊಳಗೆ ತೀರಿಹೋಗುತ್ತಾರೆ. ಉಳಿದವರಲ್ಲಿ ತುಂಬ ಜನ ಮೊದಲಿನ ಹಾಗೆ ನಡೆಯುವುದಿಲ್ಲ. ಬೇರೆ ಯಾವ ಕಾಯಿಲೆಗೆ ಈ ಲೆಕ್ಕ ಇದ್ದಿದ್ದರೂ ಊರಿಗೊಂದು ಫ್ಲೆಕ್ಸ್ ಇರುತ್ತಿತ್ತು, ಅಲ್ವಾ?

ಟೊಳ್ಳಾದ ಎಲುಬು ಹೇಗಿರುತ್ತದೆ ಅಂತ ಹೇಳುತ್ತೇನೆ. ನಮ್ಮ ಕಡೆಯ ಹಂಚಿನ ಮನೆಯಲ್ಲಿ ಮಾಡಿನ ಮರದ ಪಕಾಸಿಗೆ ಗೆದ್ದಲು ಹಿಡಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಬಣ್ಣ ಅದೇ, ಆಕಾರ ಅದೇ. ಮೊಳೆ ಹೊಡೆದಾಗ ಗೊತ್ತಾಗುತ್ತದೆ, ಸರಕ್ಕನೆ ಒಳಗೆ ಹೋಗುತ್ತದೆ. ಎಲುಬೂ ಹಾಗೇ. ಹದಿಹರೆಯದ ಹುಡುಗನ ತೊಡೆ ಎಲುಬಿಗೆ ಡ್ರಿಲ್ ಇಟ್ಟರೆ ಕಿರ್ರೆಂದು ಸದ್ದು ಬರುತ್ತದೆ, ಕೈ ಅದುರುತ್ತದೆ, ಬಿಳಿ ಪುಡಿ ಸುತ್ತಿಕೊಂಡು ಹೊರಗೆ ಬರುತ್ತದೆ. ಈ ಅಜ್ಜಿಯರ ಎಲುಬಿನಲ್ಲಿ ಸದ್ದೇ ಇಲ್ಲ. ಸ್ಕ್ರೂ ತಿರುಗಿಸಿದರೆ ಒಂದು ಹಂತದಲ್ಲಿ ಹಿಡಿಯಬೇಕು, ಆ ಹಿಡಿತ ಕೈಗೆ ಗೊತ್ತಾಗಬೇಕು. ಇಲ್ಲಿ ಹಿಡಿಯುವುದಿಲ್ಲ, ಸುಮ್ನೆ ತಿರುಗುತ್ತಾ ಇರುತ್ತದೆ. ಆ ಕ್ಷಣದಲ್ಲಿ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ.

ಎಲುಬು ಅಂದರೆ ಕಲ್ಲಲ್ಲ. ಅದು ದಿನಾ ರಿಪೇರಿಯಾಗುತ್ತಾ ಇರುವ ಹಂಚಿನ ಮಾಡು. ಮಳೆಗಾಲದ ಮುಂಚೆ ಮಾಡಿಗೆ ಹತ್ತಿ ಒಡೆದ ಹಂಚು ತೆಗೆದು ಹೊಸದು ಇಡುವುದಿಲ್ಲವಾ, ಹಾಗೆ ಹಳೆಯದನ್ನು ತೆಗೆಯುವ ಜೀವಕೋಶ ಬೇರೆ, ಹೊಸದನ್ನು ಕಟ್ಟುವ ಜೀವಕೋಶ ಬೇರೆ. ಸುಮಾರು 30ರ ಪ್ರಾಯದವರೆಗೆ ಕಟ್ಟುವವರ ಕೈ ಮೇಲು. ಹೆಂಗಸರಿಗೆ ಮುಟ್ಟು ನಿಂತ ಮೇಲೆ ತೆಗೆಯುವವರಿಗೆ ಲಂಗು ಲಗಾಮಿಲ್ಲ. ಈಸ್ಟ್ರೋಜನ್ ಅನ್ನುವ ಮೇಸ್ತ್ರಿ ಕೆಲಸ ಬಿಟ್ಟು ಹೋಗಿರುತ್ತಾನೆ. ಮೊದಲ ಕೆಲವು ವರ್ಷ ನಷ್ಟ ಜೋರಾಗಿಯೇ ಇರುತ್ತದೆ. ಗಂಡಸರಿಗೂ ಇದು ಬರುತ್ತದೆ, ಸ್ವಲ್ಪ ತಡವಾಗಿ. ದಮ್ಮಿಗೋ ಗಂಟುನೋವಿಗೋ ವರ್ಷಗಟ್ಟಲೆ ಸ್ಟೆರಾಯ್ಡ್ ಮಾತ್ರೆ ನುಂಗಿದವರಿಗೆ ಪ್ರಾಯ ಆಗಬೇಕಾಗಿಯೂ ಇಲ್ಲ.

ನಮ್ಮ ಭಾಷೆಯೂ ಇಲ್ಲಿ ಸ್ವಲ್ಪ ಮೋಸ ಮಾಡಿದೆ. ಮೊಣಕಾಲು ನೋವಿಗೆ ಬಂದವರಿಗೆ ನಾವು "ಸವೆತ" ಅನ್ನುತ್ತೇವೆ. ಎಲುಬು ಟೊಳ್ಳಾದರೂ "ಸವೆತ" ಅನ್ನುತ್ತೇವೆ. ಎರಡಕ್ಕೂ ಸಂಬಂಧವೇ ಇಲ್ಲ. ಮೊದಲನೆಯದು ಕೀಲಿನ ಮೆತ್ತೆ ಸವೆಯುವುದು. ಅದು ನೋಯುತ್ತದೆ, ಹಾಗಾಗಿ ಜನ ಬರುತ್ತಾರೆ. ಎರಡನೆಯದು ಆಸ್ಟಿಯೋಪೊರೋಸಿಸ್. ಮುರಿಯುವವರೆಗೆ ಅದು ನೋಯುವುದಿಲ್ಲ, ಹಾಗಾಗಿ ಯಾರೂ ಬರುವುದಿಲ್ಲ. "ನನಗೆ ಸವೆತ ಇದೆ ಅಂತ ಆಗಲೇ ಹೇಳಿದ್ದಾರೆ, ಎಣ್ಣೆ ತಿಕ್ಕುತ್ತಾ ಇದ್ದೇನೆ" ಅಂತ ಸೊಂಟ ಮುರಿದುಕೊಂಡು ಮಲಗಿದ ಒಬ್ಬರು ಹೇಳಿದ್ದರು. ನಾನು ಈಗ "ಎಲುಬು ಟೊಳ್ಳು" ಅಂತಲೇ ಹೇಳುತ್ತೇನೆ. ಕೇಳಲು ಒರಟು. ಆದರೆ ಮನೆಗೆ ಹೋದ ಮೇಲೂ ನೆನಪಿರುತ್ತದೆ.

ನೋಯದೇ ಮುರಿಯುವುದೂ ಇದೆ. ನನ್ನ ತಾಯಿ ಅಡುಗೆಮನೆಯ ಮೇಲಿನ ಹಲಗೆಯಿಂದ ಉಪ್ಪಿನಕಾಯಿ ಭರಣಿ ತೆಗೆಯುತ್ತಿದ್ದರು. ಒಂದು ವರ್ಷ ಬಂದು ನೋಡುತ್ತೇನೆ, ಭರಣಿ ಕೆಳಗಿನ ಹಲಗೆಗೆ ಬಂದಿದೆ. "ಕೈಗೆ ಎಟಕುವುದಿಲ್ಲ ಮಗ" ಅಂದರು. ಸೀರೆಯ ಅಂಚು ನೆಲ ಗುಡಿಸುತ್ತಿತ್ತು. ಎಲುಬು ಡಾಕ್ಟರ್ ಮಗನಿಗೆ ಹೊಳೆಯಲು ಇನ್ನೂ ಆರು ತಿಂಗಳು ಬೇಕಾಯಿತು: ಬೆನ್ನೆಲುಬಿನ ಎರಡು ಮಣಿ ಕುಸಿದು ಚಪ್ಪಟೆಯಾಗಿತ್ತು. ಯೌವನದಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಕಡಿಮೆಯಾಗಿದ್ದರೆ ಬೆನ್ನಿನ ಎಕ್ಸ್‌ರೇ ತೆಗೆಸಬೇಕು. ಇದಕ್ಕೆ ಗೋಡೆಯ ಮೇಲೆ ಒಂದು ಗೆರೆ ಸಾಕು.

ಇನ್ನು ಆಸ್ಪತ್ರೆಯಲ್ಲಿ ಆಗುವುದನ್ನು ನೋಡಿ. ಸೊಂಟ ಮುರಿದು ದಾಖಲಾದವರಿಗೆ ಸಾಧ್ಯವಾದರೆ 36 ಗಂಟೆಯೊಳಗೆ, ಕೊನೆಪಕ್ಷ 48 ಗಂಟೆಯೊಳಗೆ ಆಪರೇಷನ್ ಆಗಬೇಕು. ನಮ್ಮಲ್ಲಿ ಯಾಕೆ ತಡ ಆಗುತ್ತದೆ? ಮಗ ದುಬೈಯಿಂದ ಬರಬೇಕು. ಮಗಳು ಮುಂಬಯಿಯಿಂದ ಫೋನ್ ಎತ್ತುತ್ತಿಲ್ಲ. ಅಮಾವಾಸ್ಯೆ ಕಳೆಯಲಿ. ಆಟಿ (ಆಷಾಢ) ತಿಂಗಳು, ಬೇಡ ಡಾಕ್ಟ್ರೇ. ಮೊದಲು ಎಣ್ಣೆ ಹಾಕಿ ಕಟ್ಟುವವರ ಹತ್ತಿರ ಎರಡು ವಾರ ಇದ್ದು ಬಂದವರೂ ಇದ್ದಾರೆ. (ಬೆಂಗಳೂರಿನವರು "ಪುತ್ತೂರು ಕಟ್ಟು" ಅಂದಾಗ ನನ್ನ ಮಿತ್ರರು ನಮ್ಮ ಪುತ್ತೂರು ಅಂತ ತಿಳಿದು ಬೀಗುತ್ತಾರೆ. ಅದು ಆಂಧ್ರದ ಪುತ್ತೂರು ಮಾರಾಯ್ರೆ.) ಎಲ್ಲಕ್ಕಿಂತ ಕಷ್ಟದ ಮಾತು: "ಪ್ರಾಯ ಆಯ್ತಲ್ಲ, ಇನ್ನು ಆಪರೇಷನ್ ಯಾಕೆ?" ಪ್ರಾಯ ಆಗಿದೆ ಅಂತಲೇ ಬೇಗ ಮಾಡಬೇಕು. ಇಪ್ಪತ್ತರ ಹುಡುಗ ಮಲಗಿ ತಡೆದುಕೊಳ್ಳುತ್ತಾನೆ, ಎಂಬತ್ತರ ಅಜ್ಜಿಗೆ ಮಲಗುವುದೇ ರೋಗ.

ಇದರಲ್ಲಿ ನಮ್ಮ ತಪ್ಪೂ ಇದೆ. ಮನೆಯವರು ಒಪ್ಪಿದರೂ ಎಕೋಗೆ (ಹೃದಯದ ಸ್ಕ್ಯಾನ್) ಒಂದು ದಿನ, ಹೃದಯದ ಡಾಕ್ಟರ ಸಹಿಗೆ ಒಂದು ದಿನ, ಭಾನುವಾರ ಒಂದು ದಿನ. ಎಲ್ಲರೂ ತಂತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಾರೆ. ಒಟ್ಟಿಗೆ ನೋಡುವವರು ಯಾರೂ ಇಲ್ಲ.

ಕೊನೆಗೆ ಡಿಸ್ಚಾರ್ಜ್. ಆ ಹಾಳೆಯನ್ನು ಒಮ್ಮೆ ನೀವೇ ತರಿಸಿ ಓದಿ. ಯಾವ ರಾಡ್, ಎಷ್ಟು ಉದ್ದ, ಎಷ್ಟು ಸ್ಕ್ರೂ ಅಂತ ಇರುತ್ತದೆ. ಆಂಟಿಬಯಾಟಿಕ್ 5 ದಿನ, ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ಕ್ಯಾಲ್ಸಿಯಂ ಒಂದು ತಿಂಗಳು, ಹೊಲಿಗೆ ತೆಗೆಯಲು 14 ದಿನಕ್ಕೆ ಬನ್ನಿ. ಎಲುಬು ಯಾಕೆ ಮುರಿಯಿತು ಅನ್ನುವುದು ಹೆಚ್ಚಿನ ಸಲ ಎಲ್ಲೂ ಇರುವುದಿಲ್ಲ. ನಾನೂ ಎಷ್ಟೋ ವರ್ಷ ಹಾಗೇ ಬರೆದು ಸಹಿ ಹಾಕಿದ್ದೇನೆ. ಹಾರ್ಟ್ ಅಟ್ಯಾಕ್ ಆದವರಿಗೆ ಸ್ಟೆಂಟ್ ಹಾಕಿ, ಮಾತ್ರೆ ಬರೆಯದೆ ಮನೆಗೆ ಕಳಿಸಿದರೆ ಮರುದಿನ ಗಲಾಟೆ ಆಗುತ್ತದೆ. ಇಲ್ಲಿ ಯಾರೂ ಕೇಳುವುದಿಲ್ಲ.

ಔಷಧಿ ಇಲ್ಲ ಅಂತಲ್ಲ. ಅಲೆಂಡ್ರೊನೇಟ್ ಅನ್ನುವ ಮಾತ್ರೆ ವಾರಕ್ಕೆ ಒಂದೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಬಾರದು. ಇಷ್ಟನ್ನು ಕೂತು ಹೇಳಲು ಒಪಿಡಿಯಲ್ಲಿ ನಮಗೆ ಸಮಯ ಇರುವುದಿಲ್ಲ. ಹೇಳದಿದ್ದರೆ ಗಂಜಿ ಜೊತೆ ನುಂಗುತ್ತಾರೆ, ಒಂದಿಷ್ಟೂ ರಕ್ತಕ್ಕೆ ಸೇರುವುದಿಲ್ಲ. ಇಲ್ಲ ನುಂಗಿ ಮಲಗುತ್ತಾರೆ, ಎದೆ ಉರಿದು ಮಾತ್ರೆ ಎಸೆಯುತ್ತಾರೆ. ಇನ್ನೊಂದು ಝೋಲೆಡ್ರೋನಿಕ್ ಆಸಿಡ್, ವರ್ಷಕ್ಕೆ ಒಂದೇ ಡ್ರಿಪ್. ಸೊಂಟ ಮುರಿದು ಆಪರೇಷನ್ ಆದವರಿಗೆ 90 ದಿನದೊಳಗೆ ಇದನ್ನು ಕೊಟ್ಟು ನೋಡಿದ ದೊಡ್ಡ ಅಧ್ಯಯನ 2007ರಲ್ಲಿ ಬಂತು. ಹೊಸ ಮುರಿತ 35% ಕಡಿಮೆ, ಸಾವು 28% ಕಡಿಮೆ. 2007. ನನ್ನ ಹೆಬ್ರಿಯ ಅಮ್ಮ ವಾರ್ಡಿನಲ್ಲಿ ಮಲಗಿದ್ದ ಅದೇ ವರ್ಷ.

ಈ ಡ್ರಿಪ್ ಕೊಡುವ ಮುಂಚೆ ಕಿಡ್ನಿ ಪರೀಕ್ಷೆ ಆಗಬೇಕು, ವಿಟಮಿನ್ ಡಿ ಕೊರತೆ ಸರಿ ಮಾಡಿರಬೇಕು. ಮೊದಲ ಸಲ ಕೊಟ್ಟಾಗ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಮುಂಚೆ ಹೇಳದಿದ್ದರೆ ಮಳೆಗಾಲದಲ್ಲಿ ಮನೆಯವರು ಇಲಿಜ್ವರವೋ ಡೆಂಗಿಯೋ ಅಂತ ಹೆದರಿ ಓಡಿ ಬರುತ್ತಾರೆ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಇಂಜೆಕ್ಷನ್ ಕೂಡ ಇದೆ. ಅದನ್ನು ನಡುವೆ ಬಿಟ್ಟರೆ ಬೆನ್ನಿನ ಮಣಿಗಳು ಒಂದರ ಹಿಂದೆ ಒಂದು ಮುರಿಯುವ ಅಪಾಯ ಇದೆ. ಫಾಲೋ ಅಪ್ ಮಾಡುವವರು ಇಲ್ಲದ ಕಡೆ ನಾನಂತೂ ಅದನ್ನು ಬರೆಯುವುದಿಲ್ಲ. ವರ್ಷಗಟ್ಟಲೆ ಅಲೆಂಡ್ರೊನೇಟ್ ಮಾತ್ರೆ ತಿಂದರೆ ತೊಡೆ ಎಲುಬೇ ಮುರಿಯುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುವ ಮಾತಿನಲ್ಲಿ ಚೂರು ನಿಜ ಇದೆ. ಆದರೆ ಅದು ಅಪರೂಪ. ಅದಕ್ಕೇ ಸುಮಾರು ಐದು ವರ್ಷ ಆದ ಮೇಲೆ ನಿಲ್ಲಿಸಬಹುದಾ ಅಂತ ನೋಡುತ್ತೇವೆ. ನೋಡಬೇಕಾದರೆ ಅವರು ವಾಪಸ್ ಬರಬೇಕು. ಬರುವಂತೆ ಮಾಡುವವರು ಯಾರು?

ಅದಕ್ಕೇ ಸಿಸ್ಟರ್.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1990ರ ದಶಕದ ಕೊನೆಗೇ ಶುರು ಮಾಡಿದರು. ಎಲುಬು ಮುರಿದು ಬಂದ 50 ದಾಟಿದವರನ್ನೆಲ್ಲ ಒಬ್ಬ ನರ್ಸ್ ಹಿಡಿದು ಕೂರಿಸಿ, ಪರೀಕ್ಷೆ ಮಾಡಿಸಿ, ಔಷಧಿ ಶುರು ಮಾಡಿಸಿ, ಆಮೇಲೂ ಬೆನ್ನು ಹತ್ತುವುದು. ಇಂಗ್ಲೆಂಡಿನಲ್ಲಿ 2010ರಿಂದ ಸೊಂಟದ ಮುರಿತಕ್ಕೆ ಆಸ್ಪತ್ರೆಗೆ ಜಾಸ್ತಿ ದುಡ್ಡು ಕೊಡಲು ಷರತ್ತು ಇಟ್ಟರು: 36 ಗಂಟೆಯೊಳಗೆ ಆಪರೇಷನ್, ಎಲುಬಿನ ತಪಾಸಣೆ, ಮತ್ತೆ ಬೀಳದ ಹಾಗೆ ತಪಾಸಣೆ. ದುಡ್ಡಿಗೆ ಗಂಟು ಹಾಕಿದ ಮೇಲೆ ಭಾನುವಾರವೂ ಥಿಯೇಟರ್ ತೆರೆಯುತ್ತದೆ. ಇದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಒಳ್ಳೆಯ ಯೋಜನೆ. ಅದು ಬರುವ ಮುಂಚೆ ದನ ಮಾರಿ ಆಪರೇಷನ್ ಮಾಡಿಸಿದವರನ್ನು ನೋಡಿದ್ದೇನೆ. ಆದರೆ ಆಯುಷ್ಮಾನ್ ಲೆಕ್ಕ ಡಿಸ್ಚಾರ್ಜ್ ಆಗಿ 15 ದಿನಕ್ಕೆ ಮುಗಿಯುತ್ತದೆ. ರಾಡಿಗೆ ದುಡ್ಡಿದೆ, ಎಲುಬಿಗೆ ಇಲ್ಲ. ಅಲೆಂಡ್ರೊನೇಟ್ ಹಳೆಯ ಔಷಧಿ, ಜೆನೆರಿಕ್ ಸಿಗುತ್ತದೆ. ಮುರಿತದ ಪ್ಯಾಕೇಜಿನಲ್ಲೇ ಆ ಮಾತ್ರೆಗೋ ಒಂದು ಡ್ರಿಪ್ಪಿಗೋ ಜಾಗ ಮಾಡಿ. ಎರಡನೇ ಸಲ ಸೊಂಟ ಮುರಿದು ಬಂದರೆ ಆ ಆಪರೇಷನ್ನಿಗೂ ದುಡ್ಡು ಕೊಡುವವರು ನೀವೇ ಅಲ್ವಾ?

ಯಂತ್ರ ಯಾಕೆ ಕೇಳುತ್ತಿಲ್ಲ ಅಂತ ನಿಮ್ಮ ಅಧಿಕಾರಿಗಳು ಆಶ್ಚರ್ಯ ಪಡಬಹುದು. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಯಂತ್ರ ಒಳ್ಳೆಯದೇ. ಆರೋಗ್ಯವಂತ ಯುವತಿಯರ ಎಲುಬಿಗೆ ಹೋಲಿಸಿ ಅದು ಕೊಡುವ ಅಂಕ (ಟಿ-ಸ್ಕೋರ್) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೋಪೊರೋಸಿಸ್ ಅಂತ ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲೇ ಹೇಳಿದೆ. ಆದರೆ ನಿಂತಲ್ಲಿಂದ ಬಿದ್ದು ಸೊಂಟ ಮುರಿದುಕೊಂಡ 70ರ ಅಜ್ಜಿಗೆ ಔಷಧಿ ಶುರು ಮಾಡಲು ಆ ನಂಬರಿಗೆ ಕಾಯಬೇಕಾಗಿಲ್ಲ. ಮುರಿದ ಸೊಂಟವೇ ರಿಪೋರ್ಟು. ಯಂತ್ರ ತಂದರೆ ಅದನ್ನು ನಡೆಸುವವರು ಬೇಕು, ಎಸಿ ಬೇಕು, ಕೆಟ್ಟರೆ ರಿಪೇರಿ ಬೇಕು. ಕೆಟ್ಟ ಯಂತ್ರದ ಮೇಲೆ ಹಾಸಿದ ಪ್ಲಾಸ್ಟಿಕ್ ಹೊದಿಕೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಸಿಸ್ಟರ್ ಕೆಲಸ ಎಂತ ಅಂದರೆ, ಬೆಳಿಗ್ಗೆ ಎಲುಬಿನ ವಾರ್ಡು, ಪ್ಲಾಸ್ಟರ್ ರೂಮು ಎರಡೂ ಸುತ್ತುವುದು. 50 ದಾಟಿದವರು, ನಿಂತ ಎತ್ತರದಿಂದ ಬಿದ್ದು ಮುರಿದುಕೊಂಡವರು, ಯಾರೇ ಇರಲಿ ಬರೆದುಕೊಳ್ಳುವುದು. ಹೆಸರು, ಊರು, ಯಾವ ಎಲುಬು, ಮೊದಲು ಯಾವುದಾದರೂ ಮುರಿದಿತ್ತಾ, ಸ್ಟೆರಾಯ್ಡ್ ತಿಂದಿದ್ದಾರಾ. ಸೊಂಟದ ಕೇಸ್ ಬಂದರೆ ಗಡಿಯಾರ ನೋಡುವುದು, ಎಕೋ ರೂಮಿನ ಬಾಗಿಲು ತಟ್ಟುವುದು. ಮನೆಯವರನ್ನು ಕೂರಿಸಿ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮಾತಾಡುವುದು. ರಾತ್ರಿ ಎಷ್ಟು ಸಲ ಏಳುತ್ತಾರೆ, ದಾರಿಯಲ್ಲಿ ಲೈಟ್ ಇದೆಯಾ, ನಿದ್ದೆ ಮಾತ್ರೆ ತಿನ್ನುತ್ತಾರಾ, ಕಣ್ಣಿಗೆ ಪೊರೆ ಇದೆಯಾ, ಬಚ್ಚಲಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯಾ ಅಂತ ಕೇಳುವುದು. ಹೊಸ ಮನೆಗಳ ಹೊಳೆಯುವ ಟೈಲ್ಸ್ ಮೇಲೆ ನೀರು ಬಿದ್ದರೆ ಅಂಗಳದ ಪಾಚಿಯೇ ವಾಸಿ. ಬೂತಾಯಿಯನ್ನು ಮುಳ್ಳು ಸಮೇತ ಮೆತ್ತಗೆ ಬೇಯಿಸಿ ತಿನ್ನಿ, ಮೀನು ತಿನ್ನದವರು ನುಗ್ಗೆಸೊಪ್ಪು, ಎಳ್ಳು, ರಾಗಿ ತಿನ್ನಿ ಅಂತ ಹೇಳುವುದು. ಕುಚ್ಚಲಕ್ಕಿ ಗಂಜಿ ನನಗೂ ಇಷ್ಟ. ಆದರೆ ಅದರಲ್ಲಿ ಕ್ಯಾಲ್ಸಿಯಂ ಹೇಳಿಕೊಳ್ಳುವಷ್ಟಿಲ್ಲ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇದೆ. ಬೀಡಿ ಕಟ್ಟುವ ಅಮ್ಮಂದಿರಿಗೆ, ತಡ್ಪೆಯನ್ನು (ಬೀಡಿ ಕಟ್ಟುವ ಮೊರ) ಬಿಸಿಲು ಬೀಳುವ ಜಗಲಿಗೆ ತನ್ನಿ, ಮೈಗೆ ವಿಟಮಿನ್ ಡಿ ಸಿಗಲಿ ಅಂತ ಹೇಳುವುದು.

ಒಂದು ಮುಖ್ಯ ಸಂಗತಿ ಮರೆಯಬಾರದು. ರಿಜಿಸ್ಟರಿನಲ್ಲಿ ಮಗನ ಫೋನ್ ನಂಬರ್ ಮಾತ್ರ ಇದ್ದರೆ ಪ್ರಯೋಜನ ಇಲ್ಲ, ಅವನು ದೋಹಾದಲ್ಲಿರುತ್ತಾನೆ. ಪಕ್ಕದ ಮನೆಯವರ ನಂಬರ್ ಬೇಕು. ಆ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಬೇಕು. ಬಿಪಿ, ಶುಗರ್ ನೋಡಲು ಮನೆಗೆ ಹೋಗುವವರು "ಅಜ್ಜಿ, ವಾರದ ಮಾತ್ರೆ ತಗೊಂಡ್ರಾ?" ಅಂತ ಒಂದು ಪ್ರಶ್ನೆ ಜಾಸ್ತಿ ಕೇಳಬಹುದು. ಮೂರು ತಿಂಗಳಿಗೆ ಒಂದು ಫೋನ್, ವರ್ಷಕ್ಕೆ ಒಂದು ಫೋನ್. ಇಷ್ಟೇ.

ಸಿಸ್ಟರ್ ಎಲ್ಲಿಂದ ತರುವುದು ಅಂತ ಕೇಳಬೇಡಿ. ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದು 1953ರಲ್ಲಿ. ವೆನ್ಲಾಕ್ 1848ರದ್ದು. ಈ ಎರಡರ ನಡುವಿನ ಅರುವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ಎಷ್ಟು ನರ್ಸಿಂಗ್ ಕಾಲೇಜು ಇದೆ ಅಂತ ಎಣಿಸಲು ಬೆರಳು ಸಾಲುವುದಿಲ್ಲ. ನನ್ನ ಕೈಕೆಳಗೆ ಕೆಲಸ ಕಲಿತ ಒಬ್ಬ ಹುಡುಗಿ ಈಗ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿದ್ದಾಳೆ. ಕ್ರಿಸ್ಮಸ್‌ಗೆ ಫೋನ್ ಮಾಡುತ್ತಾಳೆ. ಅಲ್ಲಿ ಏನು ಕೆಲಸ ಅಂತ ಕೇಳಿದೆ. "ಇದೇ ಸರ್, ಎಲುಬು ಮುರಿದ ಅಜ್ಜಿಯರ ಲಿಸ್ಟ್ ಇಟ್ಟುಕೊಂಡು ಫೋನ್ ಮಾಡುವುದು" ಅಂದಳು. ನಮ್ಮ ಊರಿನ ಹುಡುಗಿ ಅಲ್ಲಿನ ಅಜ್ಜಿಯರನ್ನು ನೋಡಿಕೊಳ್ಳುತ್ತಿದ್ದಾಳೆ, ಸಂತೋಷ. ಅವಳ ಸ್ವಂತ ಅಜ್ಜಿ ಕಾರ್ಕಳದಲ್ಲಿ ಹೋದ ವರ್ಷ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಹಾಕಿ ಕಳಿಸಿದ್ದಾರೆ. ಮಾತ್ರೆ ಯಾರೂ ಬರೆದಿಲ್ಲ. ಗೊತ್ತಾದದ್ದು ಅವಳು ಅಲ್ಲಿಂದ ವಿಡಿಯೋ ಕಾಲ್ ಮಾಡಿ ಕೇಳಿದಾಗ.

ಸಚಿವರೇ, ಡಿಸೆಂಬರ್ ಆದ ಮೇಲೆ ನನಗೆ ಕೆಲಸ ಇಲ್ಲ. ಮಂಗಳವಾರ, ಶುಕ್ರವಾರ ಅಜ್ಜರಕಾಡಿಗೆ ಬಂದು ಕೂರಲು ನಾನು ತಯಾರು, ಸಂಬಳ ಬೇಡ. ಹೊಸ ಸಿಸ್ಟರಿಗೆ ಕಲಿಸಲು ಒಂದು ತಿಂಗಳು ಸಾಕು. ಆ ಹೆಬ್ರಿಯ ವಾಕರ್ ಇನ್ನೂ ನನ್ನ ಹತ್ತಿರ ಇದೆ. ನಾಲ್ಕೈದು ಮನೆ ಸುತ್ತಿ ಬಂದಿದೆ, ಒಂದು ಕಾಲಿನ ರಬ್ಬರ್ ಬುಷ್ ಮಾತ್ರ ಬದಲಾಯಿಸಬೇಕು. ಅದನ್ನೂ ತರುತ್ತೇನೆ. ರಿಜಿಸ್ಟರಿಗೆ ಗೆರೆ ಎಳೆದು ಇಟ್ಟಿದ್ದೇನೆ, ಇನ್ನೂರು ಹಾಳೆಯದ್ದು. ಸಿಸ್ಟರ್ ಆರ್ಡರಿಗೆ ನೀವು ಸಹಿ ಹಾಕಿದರೆ ಆಯಿತು.

ಇಂತಿ,
ಉಡುಪಿಯ ಒಬ್ಬ ಎಲುಬು ಡಾಕ್ಟರ್